ಚೀಲದ ಮೇಲಿನ ಚೀಟಿ

ಹಾವೇರಿಯಲ್ಲಿ ಏಲಕ್ಕಿ ಹಾರ ಮಾಡೋ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿದ್ದ. "ನಮ್ಮ ವೆಬ್‌ಪೇಜಿಗೆ ಒಂದ್ ಐವತ್ತು ಕೀವರ್ಡ್ ಹಾಕಿಕೊಡೋ ಮಾರಾಯಾ, ಗೂಗಲ್‌ನಾಗ ಮ್ಯಾಲ ಬರಬೇಕು" ಅಂದ. ನಗು ಬಂತು. ನಾನೂ ಒಂದು ಕಾಲಕ್ಕೆ ಹಾಗೇ ನಂಬಿ ಮೋಸ ಹೋದವನು :)

2008ರ ಕೊನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡೋ ನನ್ನ ಕಾಕಾನಿಗೆ ಒಂದು ವೆಬ್‌ಪೇಜ್ ಮಾಡಿಕೊಡ್ತೀನಿ ಅಂತ ಜಂಭದಿಂದ ಒಪ್ಪಿಕೊಂಡಿದ್ದೆ. ರಾಣೆಬೆನ್ನೂರಿನ ಸೈಬರ್ ಕೆಫೆಯಲ್ಲಿ ಕೂತು ನುಡಿಯಲ್ಲಿ ಕನ್ನಡ ಟೈಪ್ ಮಾಡಿದೆ. ಆಮೇಲೆ ಶುರುವಾಯ್ತು ಮೆಟಾ ಟ್ಯಾಗ್ ಹುಚ್ಚು.

ಮೆಟಾ ಟ್ಯಾಗ್ ಅಂದ್ರೆ ಪುಟದ ತಲೆಭಾಗದಲ್ಲಿ ಬರೆಯೋ, ಓದುಗರ ಕಣ್ಣಿಗೆ ಬೀಳದ ಸಾಲು. ಒಳಗೆ ಏನಿದೆ ಅಂತ ಯಂತ್ರಕ್ಕೆ ಹೇಳೋ ಚೀಟಿ ಅನ್ನಿ. ನಾನು ಕೀವರ್ಡ್ಸ್ ಟ್ಯಾಗಿನಲ್ಲಿ ಬ್ಯಾಡಗಿಯ ಹೆಸರನ್ನು ಇಂಗ್ಲಿಷಿನ ನಾಲ್ಕು ಸ್ಪೆಲಿಂಗಿನಲ್ಲಿ ಬರೆದೆ. ಸಾಲದು ಅಂತ ಗುಂಟೂರು, ಕಾಶ್ಮೀರಿ ಎಲ್ಲಾ ತುರುಕಿದೆ. ಕಾಕಾ ಮಾರ್ತಿದ್ದದ್ದು ಬ್ಯಾಡಗಿ ಡಬ್ಬಿ ಮತ್ತೆ ಕಡ್ಡಿ, ಎರಡೇ!

ಅವನಿಗೆ ತೋರಿಸಿದೆ. "ನಮ್ಮಲ್ಲಿ ಇಲ್ಲದ ಮಾಲಿನ ಹೆಸರು ಯಾಕ ಬರದಿಯಪಾ?" ಅಂದ.

"ಯಾರಿಗೂ ಕಾಣಂಗಿಲ್ಲ ಕಾಕಾ, ಸರ್ಚ್ ಎಂಜಿನ್‌ಗೆ ಅಷ್ಟ."

"ಪ್ಯಾಟ್ಯಾಗ ಚೀಟಿ ನೋಡಿ ಯಾರರ ರೇಟ್ ಹಚ್ತಾರೇನ ತಮ್ಮಾ? ಚೀಲಾ ಬಿಚ್ಚಿ, ಕಾಯಿ ಕೈಯಾಗ ಹಿಡದು, ಬಣ್ಣಾ ನೋಡಿ ಹಚ್ತಾರ."

ಹಳೇ ಕಾಲದವನು, ಇಂಟರ್ನೆಟ್ ಏನು ಗೊತ್ತು ಅಂತ ಮನಸ್ಸಲ್ಲೇ ನಕ್ಕೆ. ಆ ಸೀಸನ್ ಪೂರ್ತಿ ಆ ಪುಟ ನೋಡಿ ಒಂದೇ ಒಂದು ಫೋನ್ ಬರಲಿಲ್ಲ. ಕಾಕಾ ಬೈಯಲಿಲ್ಲ, ಕೇಳಲೂ ಇಲ್ಲ. ಅದೇ ಹೆಚ್ಚು ಚುಚ್ಚಿತು.

ಆಮೇಲೆ ತಿಳಿದದ್ದು ಏನಂದ್ರೆ, ಚೀಟಿಯ ಮೇಲೆ ಅಷ್ಟೆಲ್ಲ ಬರೆದ ನಾನು ಚೀಲದೊಳಗೆ ಏನೂ ಇಟ್ಟೇ ಇರಲಿಲ್ಲ. ನುಡಿಯ ಹಳೇ ಫಾಂಟಿನಲ್ಲಿ ಬರೆದದ್ದು ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಯಾರಾದ್ರೂ ಯೂನಿಕೋಡ್‌ನಲ್ಲಿ "ಬ್ಯಾಡಗಿ ಮೆಣಸಿನಕಾಯಿ" ಅಂತ ಹುಡುಕಿದ್ರೆ ನನ್ನ ಪುಟದಲ್ಲಿ ಆ ಪದವೇ ಇಲ್ಲ! ಇನ್ನು ಕೀವರ್ಡ್ಸ್ ಟ್ಯಾಗು? ನನ್ನಂಥವರೆಲ್ಲ ಸೇರಿ ಸುಳ್ಳು ತುಂಬಿ ತುಂಬಿ ಅದರ ಮಾನ ಕಳೆದಿದ್ದೆವು. ಪುಟಗಳನ್ನು ಮೇಲೆ ಕೆಳಗೆ ಮಾಡೋದಕ್ಕೆ ಅದನ್ನು ನೋಡೋದೇ ಇಲ್ಲ ಅಂತ ಗೂಗಲ್ 2009ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿಯೇ ಹೇಳಿತು. ಕಾಕಾ ಹೇಳಿದ್ದೂ ಅದನ್ನೇ ತಾನೆ...

ಪುಟವನ್ನು ಮತ್ತೆ ಬರೆದೆ, ಯೂನಿಕೋಡ್‌ನಲ್ಲಿ. ಅಕ್ಷರಗಳು ಯುಟಿಎಫ್-8 ಅಂತ ಹೇಳೋ ಮೆಟಾ ಟ್ಯಾಗ್ ಹಾಕಿದೆ. ಅದಿಲ್ಲದಿದ್ದರೆ ಬ್ರೌಸರ್ ತಪ್ಪು ಊಹಿಸಿ ಕನ್ನಡವನ್ನು ಗೀಚು ಮಾಡಿಬಿಡಬಹುದು. ಟೈಟಲ್‌ನಲ್ಲಿ ಊರು, ಮಾಲು. ಡಿಸ್ಕ್ರಿಪ್ಷನ್‌ನಲ್ಲಿ ಎರಡೇ ವಾಕ್ಯ. ಇದರಿಂದ ಪುಟ ಮೇಲೇರೋದಿಲ್ಲ, ಆದರೆ ಹುಡುಕಿದವರಿಗೆ ಕೊಂಡಿಯ ಕೆಳಗೆ ಬಹಳ ಸಲ ಕಾಣೋದು ಇದೇ ಮಾತು. ಒಳಗೆ ಡಬ್ಬಿ ಯಾವುದು, ಕಡ್ಡಿ ಯಾವುದು, ಖಾರ ಕಮ್ಮಿ ಬಣ್ಣ ಜಾಸ್ತಿ ಯಾಕೆ ಬೇಕು ಅಂತ ಕಾಕಾ ಹೇಳಿದ ಹಾಗೇ ಬರೆದೆ. ಕರಾವಳಿಯವರು ಇದನ್ನು ಬರೀ "ಬ್ಯಾಡಗಿ ಮೆಣಸು" ಅಂತಾರೆ ಅನ್ನೋದನ್ನೂ ಕಣ್ಣಿಗೆ ಕಾಣೋ ಹಾಗೇ ಬರೆದೆ. ಗುಂಟೂರು, ಕಾಶ್ಮೀರಿ ಅಳಿಸಿದೆ.

ಫೋನುಗಳ ಮಳೆ ಏನೂ ಸುರಿಯಲಿಲ್ಲ. ಕೆಲವು ತಿಂಗಳ ಮೇಲೆ ಮಂಗಳೂರಿನಿಂದ ಒಬ್ಬರು ಹೆಂಗಸು ಫೋನ್ ಮಾಡಿ, "ಡಬ್ಬಿ ಉಂಟಾ? ಕೋರಿ ಗಸಿಗೆ" ಅಂತ ಕೇಳಿದರಂತೆ. ಐದು ಕಿಲೋ. ಕಾಕಾ ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ!

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಸಿಕ್ಕಿತು. ಅದೂ ಒಂದು ಚೀಟಿಯೇ. ಆದರೂ ಬ್ಯಾಡಗಿ ಮಾರುಕಟ್ಟೆಗೆ ಬರೋ ಕಾಯಿಯೆಲ್ಲ ಬ್ಯಾಡಗಿ ತಳಿಯಲ್ಲ. ಚೀಲ ಬಿಚ್ಚಿ ನೋಡೋದು ತಪ್ಪಿಲ್ಲ.

ಹಾವೇರಿ ಗೆಳೆಯನಿಗೆ ಹೇಳಿದೆ: ಐವತ್ತು ಕೀವರ್ಡ್ ಬಿಡೋ, ಒಂದು ಹಾರಕ್ಕೆ ಎಷ್ಟು ಏಲಕ್ಕಿ ಬೇಕು, ಪೋಣಿಸೋಕೆ ಎಷ್ಟು ಹೊತ್ತು ಹಿಡಿಯುತ್ತೆ, ಅದನ್ನು ಬರೆ.

"ಅದನ್ನ ಯಾರ ಓದ್ತಾರಲೇ?" ಅಂದ.

ಹಾರ ಬೇಕಾದವರು ಓದ್ತಾರೆ ಕಣೋ. ಅವರು ಓದೋದೇ ನಮಗೂ ಬೇಕಾದದ್ದು.