ಬ್ಯಾಟ್ ಯಾರದೋ ಅವನೇ ಕ್ಯಾಪ್ಟನ್

ಭಾನುವಾರ ಬೆಳಿಗ್ಗೆ ಕೋಣನಕುಂಟೆ ಕ್ರಾಸ್ ಮೆಟ್ರೊ ಇಳಿದು ಒಳರಸ್ತೆಗೆ ತಿರುಗಿದರೆ ಖಾಲಿ ಸೈಟೊಂದರಲ್ಲಿ ಹುಡುಗರ ಕ್ರಿಕೆಟ್ಟು. ಬ್ಯಾಟ್ ಯಾರದೋ ಅವನೇ ಕ್ಯಾಪ್ಟನ್. ಅವನು ಔಟಾದರೂ ಔಟಲ್ಲ. (ದೊಡ್ಡವರ ಆಫೀಸುಗಳೂ ಹೆಚ್ಚೂಕಮ್ಮಿ ಹೀಗೇ, ಇರಲಿ.)

ಯಾಕೋ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ನೆನಪಾದರು. ಭಾರತಕ್ಕೆ ನಾಯಕರಾಗಿದ್ದು ಬರೀ ಎರಡು ಟೆಸ್ಟಿಗೆ. ಅದರಲ್ಲೊಂದು 1980ರ ಫೆಬ್ರುವರಿಯಲ್ಲಿ, ಮುಂಬೈನ ವಾಂಖೆಡೆಯಲ್ಲಿ ನಡೆದ ಸುವರ್ಣ ಮಹೋತ್ಸವದ ಪಂದ್ಯ. ಇಂಗ್ಲೆಂಡ್ 58ಕ್ಕೆ 5 ಕಳೆದುಕೊಂಡ ಮೇಲೆ ಇಯಾನ್ ಬೋಥಮ್ ಜೊತೆ ಬಾಬ್ ಟೇಲರ್ ನಿಂತಿದ್ದರು. ಕೀಪರ್‌ಗೆ ಕ್ಯಾಚ್ ಅಂತ ಅಂಪೈರ್ ಟೇಲರ್‌ಗೆ ಬೆರಳೆತ್ತಿಯೇಬಿಟ್ಟರು. ಸ್ಲಿಪ್‌ನಲ್ಲಿದ್ದ ವಿಶಿಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನೋದು ಖಾತ್ರಿ. ವಾಪಸ್ ಕರೆದರು.

ಆ ಜೊತೆಯಾಟ 171ಕ್ಕೆ ಬೆಳೆಯಿತು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶಿ ಮತ್ತೆಂದೂ ಟೆಸ್ಟ್ ನಾಯಕರಾಗಲಿಲ್ಲ. ಆದರೂ ಆ ಪಂದ್ಯದ ಮಾತು ಬಂದಾಗ ನಮ್ಮ ಕಡೆಯವರು ಸ್ಕೋರಿಗಿಂತ ಮೊದಲು ಹೇಳೋದು ಆ ಕರೆಯನ್ನೇ.

ಇದ್ದಕ್ಕಿದ್ದಂತೆ ಗಲಾಟೆ. ಸ್ಟಂಪಿಗಿಟ್ಟ ಇಟ್ಟಿಗೆ ಉರುಳಿತ್ತು. ಬ್ಯಾಟಿನ ಒಡೆಯ ಮಾತ್ರ ಕ್ರೀಸ್ ಬಿಟ್ಟು ಕದಲಲಿಲ್ಲ: "ಟ್ರಯಲ್ ಬಾಲ್ ಕಣ್ರೋ!"