ಗರಿಯಂಚಿನ ಬಿಳಿ

ಲೈಟ್ ಬ್ರಹ್ಮ ಹುಂಜದ ಕತ್ತನ್ನು ಹತ್ತಿರದಿಂದ ನೋಡಬೇಕು. ಒಂದೊಂದು ಗರಿಯ ನಡುವೆಯೂ ಹಸಿರು ಮಿಂಚುವ ಕಪ್ಪು, ಸುತ್ತ ಬಿಳಿಯ ಸಣ್ಣ ಅಂಚು. ಆ ಅಂಚು ಎಲ್ಲೂ ಕಡಿಯದೆ ತುದಿಯವರೆಗೆ ಹರಿದಿದ್ದರೆ ನನಗೆ ಆ ದಿನ ಬೇರೆ ಹಬ್ಬ ಬೇಡ.

ಹೆಸರು ಬ್ರಹ್ಮಪುತ್ರದ್ದು. ತಳಿ ಮೈದುಂಬಿದ್ದು ಅಮೆರಿಕದಲ್ಲಿ, ಶಾಂಘೈನಿಂದ ಹಡಗೇರಿ ಹೋದ ದೊಡ್ಡ ಕೋಳಿಗಳಿಂದ. 1852ರಲ್ಲಿ ಅಲ್ಲಿನ ಸಾಕಣೆದಾರ ಜಾರ್ಜ್ ಬರ್ನ್‌ಹ್ಯಾಮ್ ಇವುಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಕಳಿಸಿದ; 1874ರಲ್ಲಿ ಅಮೆರಿಕದ ಸಾಕಣೆದಾರರು ತಳಿಗಳ ಲಕ್ಷಣಗಳನ್ನು ಬರೆದಿಟ್ಟಾಗ ಬ್ರಹ್ಮಕ್ಕೂ ಜಾಗ ಸಿಕ್ಕಿತು. ಆದರೆ ಬ್ರಹ್ಮದ ಹಳದಿ ಕಾಲು ನಮ್ಮ ಕಡೆಯ ಸೊತ್ತು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯೇ ಆದರೂ ಹಳದಿ ಚರ್ಮದ ಗುಣ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರ ಸಂಶೋಧನೆಯೊಂದು ತೋರಿಸಿತು. ಪಶ್ಚಿಮಘಟ್ಟದ ಕಾಡಂಚಿನಲ್ಲಿ ಬೆಳಗಾಗುತ್ತಲೇ ಕೂಗುವ ಹಕ್ಕಿ ಅದು.

ಪ್ರದರ್ಶನದ ಕೋಳಿ ಸಾಕಬೇಕೆಂದು ಬರುವವರು ಮೊದಲು ಹತ್ತು ತಳಿಗಳನ್ನು ಕೇಳುತ್ತಾರೆ. ಒಂದು ತಳಿ, ಒಂದು ಬಣ್ಣ ಸಾಕು ಎನ್ನುತ್ತೇನೆ. ಒಂದು ಹುಂಜ, ಎರಡು ಹೇಂಟೆ. ಮರಿಗಳಲ್ಲ, ಬೆಳೆದ ಹಕ್ಕಿಗಳು, ಸಾಧ್ಯವಾದರೆ ಅವುಗಳ ತಂದೆತಾಯಿಯನ್ನೂ ಕಣ್ಣಾರೆ ನೋಡಿ. ಹಣ ಮೊದಲ ಮೂರು ಹಕ್ಕಿಗೆ ಹೋಗಲಿ, ಗೂಡಿನ ಅಂದಕ್ಕಲ್ಲ. ಗೂಡು ಒಣಗಿದ್ದರೆ ಆಯಿತು. ಬ್ರಹ್ಮದ ಕಾಲ್ಬೆರಳವರೆಗೂ ಗರಿ ಇರುವುದರಿಂದ ಮಳೆಗಾಲದ ಕೆಸರು ಅದಕ್ಕೆ ಶತ್ರು. ಭತ್ತದ ಹೊಟ್ಟು ದಪ್ಪಗೆ ಹಾಸಿ, ಒದ್ದೆಯಾದದ್ದನ್ನು ತೆಗೆದುಹಾಕುತ್ತಿರಬೇಕು. ಭಾರದ ಹಕ್ಕಿ, ಕೂರುವ ಅಡ್ಡಕೋಲು ತಗ್ಗಿನಲ್ಲಿರಲಿ. ಕೊಕ್ಕರೆ ರೋಗದ ಲಸಿಕೆಯನ್ನು ಮಾತ್ರ ಎಂದೂ ಮುಂದೂಡಬಾರದು.

ಮೊಟ್ಟೆ ಕಾವಿಗಿಟ್ಟ ಇಪ್ಪತ್ತೊಂದು ದಿನಕ್ಕೆ ಮರಿ ಒಡೆಯುತ್ತದೆ. ಆಮೇಲೆ ಶುರುವಾಗುವುದು ನನಗೆ ತುಂಬ ಇಷ್ಟವಾದ ಕೆಲಸ, ನೋಡುವುದು. ಬ್ರಹ್ಮದ ಜುಟ್ಟು ಗಿಡ್ಡ, ಮೂರು ಸಾಲಿನದು. ಬಟಾಣಿ ಜುಟ್ಟು ಎನ್ನುತ್ತಾರೆ. ಅಂಥ ಜೋಡಿಗೂ ಒಮ್ಮೊಮ್ಮೆ ಒಂಟಿ ಜುಟ್ಟಿನ ಮರಿ ಹುಟ್ಟುತ್ತದೆ. ಹಾಗಾದರೆ ಅದು ತಂದೆ ತಾಯಿ ಇಬ್ಬರ ರಕ್ತದಲ್ಲೂ ಅಡಗಿತ್ತು ಎಂದರ್ಥ. ಮೆಂಡೆಲನ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು ವಿಜ್ಞಾನಿ ಬೇಟ್ಸನ್ 1902ರಲ್ಲಿ ತೋರಿಸಿದ್ದು ಇಂಥ ಜುಟ್ಟುಗಳನ್ನು ಎಣಿಸಿಯೇ. ನಮ್ಮ ಹಿತ್ತಿಲಲ್ಲೂ ಅದೇ ಲೆಕ್ಕ ನಡೆಯುತ್ತಿದೆಯೆಂಬುದು ನನಗೆ ಇಂದಿಗೂ ಪುಳಕ.

ಅವಸರ ಮಾತ್ರ ಕೂಡದು. ಬ್ರಹ್ಮ ನಿಧಾನವಾಗಿ ಬೆಳೆಯುತ್ತದೆ. ಪೀಚಲಾಗಿ, ಕಾಲುದ್ದವಾಗಿ ಕಂಡ ಮರಿಯೇ ಮುಂದೆ ಎದೆ ತುಂಬಿ, ಹುಬ್ಬು ಕಣ್ಣಿನ ಮೇಲೆ ಬಾಗಿ, ಗಂಭೀರವಾಗಿ ಹೆಜ್ಜೆ ಇಡತೊಡಗುತ್ತದೆ. ಬೇಗ ಮಾರಿದವರಿಗೆ ಅದು ಕಾಣುವುದೇ ಇಲ್ಲ. ಬೆನ್ನಿನ ಬಿಳಿ ಬಿಸಿಲಿಗೆ ಹಳದಿಗಟ್ಟುತ್ತದೆ, ಪ್ರದರ್ಶನಕ್ಕೆ ಹೋಗುವ ಹುಂಜ ನೆರಳಲ್ಲಿರಬೇಕು. ಪಂಜರಕ್ಕೂ ಅಪರಿಚಿತರ ಕೈಗೂ ಮೊದಲೇ ರೂಢಿಯಾದ ಹಕ್ಕಿ ತೀರ್ಪುಗಾರರೆದುರು ಮುದುಡದೆ ನಿಲ್ಲುತ್ತದೆ.

ಬಹುಮಾನಕ್ಕಿಂತ ಜೋಡಿ ಕೂಡಿಸುವುದರಲ್ಲೇ ನನಗೆ ಹೆಚ್ಚು ಸುಖ. ಒಂದೇ ದೋಷ ಇಬ್ಬರಲ್ಲೂ ಇರಬಾರದು, ಅಷ್ಟೇ ನನ್ನ ಕಟ್ಟುನಿಟ್ಟು. ಈಗಿರುವ ಹುಂಜದ ಮೈಕಟ್ಟು ಸೊಗಸು, ಕತ್ತಿನ ಕಪ್ಪು ತುಸು ಮಂಕು. ಅದಕ್ಕೆ ಕತ್ತಿನ ಗರಿ ಗಾಢವಾಗಿರುವ, ಮೈ ಸ್ವಲ್ಪ ಸಣ್ಣದಾದ ಹೇಂಟೆಯನ್ನು ಗೊತ್ತುಮಾಡಿಟ್ಟಿದ್ದೇನೆ. ಮಳೆ ಹಿಂದಾದ ಮೇಲೆ ಅವೆರಡನ್ನೂ ಒಂದೇ ಗೂಡಿಗೆ ಬಿಡಬೇಕು.