ಶಿಜುವೊಕಾದ ಫಿಯೆಟ್, ಮುಂಬಯಿಯ ಬಣ್ಣ

ಟೋಕಿಯೊದಿಂದ ಶಿಂಕಾನ್‌ಸೆನ್ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಶಿಜುವೊಕಾ. ತಮಿಯಾ, ಆವೊಶಿಮಾ ಕಂಪನಿಗಳ ಊರು, ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳ ತವರು. ಅಲ್ಲಿ ಅಂಚೆಪೆಟ್ಟಿಗೆ, ಟೆಲಿಫೋನ್ ಬೂತ್‌ಗಳ ಭಾಗಗಳನ್ನೂ ಕಿಟ್‌ನಂತೆ ಚೌಕಟ್ಟಿಗೆ ಜೋಡಿಸಿ ಬೀದಿಯಲ್ಲಿ ನಿಲ್ಲಿಸಿದ್ದಾರೆ.

ಆಫೀಸ್ ಕೆಲಸಕ್ಕೆಂದು ಹೋದವನು ಅಲ್ಲಿಂದ ತಂದದ್ದು 1/24 ಅಳತೆಯ ಫಿಯೆಟ್ 500. ಅಪ್ಪ ಮುಂಬಯಿಯಲ್ಲಿ 26 ವರ್ಷ ಓಡಿಸಿದ್ದು ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ. ಅದು ಫಿಯೆಟ್ 1100ರ ಮಗಳು. ಅದರ ಕಿಟ್ ನನಗೆಲ್ಲೂ ಕಾಣಲಿಲ್ಲ. ಸಿಕ್ಕಿದ್ದು ಈ ದಾಯಾದಿ.

ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ಮೊದಲು ಪ್ರೈಮರ್ ಹೊಡೆದೆ. ಕಪ್ಪಿನ ಮೇಲೆ ಹಳದಿ ಏಳುವುದಿಲ್ಲ, ಹಾಗಾಗಿ ಛಾವಣಿಗೆ ಹಳದಿಯೇ ಮೊದಲು. ಅದು ಒಣಗಿದ ಮೇಲೆ ಮಾಸ್ಕಿಂಗ್ ಟೇಪ್ ಮುಚ್ಚಿ, ಕೆಳಗೆ ತೆಳು ಪದರಗಳಲ್ಲಿ ಕಪ್ಪು. ಮಳೆಗಾಲದ ತೇವಕ್ಕೆ ಕಪ್ಪು ಮಂಕಾಯಿತು. ಉಜ್ಜಿ ತೆಗೆದು ಮತ್ತೆ ಹೊಡೆದೆ.

2023ರ ಅಕ್ಟೋಬರಿನಲ್ಲಿ ಮುಂಬಯಿ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದಾಗ ಅಪ್ಪ ಏನೂ ಹೇಳಿರಲಿಲ್ಲ. ಈಗ ಕುಂದಾಪುರದ ಮನೆಯಲ್ಲಿರುವ ಅವರಿಗೆ ವಿಡಿಯೊ ಕಾಲ್‌ನಲ್ಲಿ ಮಾಡೆಲ್ ತೋರಿಸಿದೆ. ತುಂಬ ಹೊತ್ತು ನೋಡಿದರು.

"ಮೀಟರ್ ಎಲ್ಲಿತ್ ಮಗಾ?"

ಹೌದಲ್ಲ! ಎಡಗಡೆ, ಹೊರಗೆ ಇರುತ್ತಿದ್ದ ಮೀಟರ್. ಎಂ.ಟೆಕ್.ವರೆಗಿನ ನನ್ನ ಫೀಸೆಲ್ಲ ಓಡಿದ್ದು ಅದರಲ್ಲೇ, ನಾನೇ ಮರೆತಿದ್ದೆ. ಕಿಟ್‌ನಲ್ಲಿ ಉಳಿದಿದ್ದ ಚೌಕಟ್ಟಿನ ತುಂಡು ಕತ್ತರಿಸಿ, ಬಣ್ಣ ಬಳಿದು, ಅಂಟಿಸಿದೆ.

ದೀಪಾವಳಿಗೆ ಊರಿಗೆ ಒಯ್ಯುತ್ತೇನೆ. ಮೀಟರ್ ಸರಿಯಾದ ಜಾಗದಲ್ಲಿದೆಯೇ ಎಂದು ಅಪ್ಪ ಮುಟ್ಟಿ ನೋಡಲಿ.